ಹೊಸ ವರ್ಷಕ್ಕೆ ಮುಂಚೆ ಹೇಳಿದ ಒಂದು ತಪ್ಪು ಉತ್ತರ

ಡಿಸೆಂಬರ್ ಮೂರನೇ ವಾರ. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಗೆ ಬೆಳಕಿನ ಪ್ರತಿಫಲನದ ಪಾಠ ಮಾಡುತ್ತಿದ್ದೆ. ಅಂದು ವೀಕ್ಷಣೆ ಇತ್ತು. ಕಾಲೇಜಿನಿಂದ ಬಂದಿದ್ದ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಸಮತಲ ದರ್ಪಣ, ಬಾಚಣಿಗೆ, ಟಾರ್ಚು ಎಲ್ಲವೂ ಆ ದಿನ ಹೇಳಿದ ಮಾತು ಕೇಳಿದ್ದವು. ಪತನ ಕೋನವೂ ಪ್ರತಿಫಲನ ಕೋನವೂ ಸಮವಾಗಿಯೇ ಬಂದಿದ್ದವು. ಕೊನೆಗೆ ಪಾಠಯೋಜನೆಯಲ್ಲಿ ಬರೆದುಕೊಂಡಿದ್ದಂತೆ ‘ಯಾರಿಗಾದರೂ ಪ್ರಶ್ನೆ ಇದೆಯಾ?’ ಎಂದು ಕೇಳಿದೆ. ಮಕ್ಕಳು ಸುಮ್ಮನಿರುತ್ತಾರೆ ಎಂಬ ಧೈರ್ಯದಲ್ಲೇ ನಾವು ಈ ಪ್ರಶ್ನೆ ಕೇಳುವುದು. ಆದರೆ ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

‘ಮಿಸ್, ಈಗ ಇಷ್ಟು ಚಳಿ ಐತಲ್ಲ, ಸೂರ್ಯ ನಮ್ಮಿಂದ ದೂರ ಹೋಗಿರ್ತಾನಾ?’

ಪಾಠಕ್ಕೂ ಪ್ರಶ್ನೆಗೂ ಸಂಬಂಧವಿರಲಿಲ್ಲ. ಗಂಟೆ ಹೊಡೆಯಲು ಎರಡೇ ನಿಮಿಷ. ‘ಹೌದು, ಚಳಿಗಾಲದಲ್ಲಿ ಭೂಮಿ ಸೂರ್ಯನಿಂದ ಸ್ವಲ್ಪ ದೂರ ಇರುತ್ತೆ. ಒಳ್ಳೆ ಪ್ರಶ್ನೆ, ಕೂತ್ಕೋ’ ಎಂದೆ. ಹುಡುಗಿ ಖುಷಿಯಿಂದ ಕೂತಳು. ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ನನ್ನ ಸಂದೇಹ ನಿವಾರಣೆ ಚೆನ್ನಾಗಿದೆ ಎಂಬ ಮೆಚ್ಚುಗೆ ಬಂತು. ಉಪನ್ಯಾಸಕರ ಬೋಧನಾ ವಿಷಯ ಬೇರೆ, ಅವರನ್ನು ದೂರುವಂತಿಲ್ಲ. ಆದರೆ ನನ್ನ ವಿಷಯ ಭೌತಶಾಸ್ತ್ರ. ಬಿ.ಎಸ್ಸಿ.ಯಲ್ಲಿ ಕೆಪ್ಲರನ ನಿಯಮಗಳನ್ನು ಓದಿ, ಬರೆದು, ಪಾಸಾಗಿ ಬಂದವಳು ನಾನು.

ಡಿಸೆಂಬರ್ 31ರ ರಾತ್ರಿ ಪಿ.ಜಿ.ಯಲ್ಲಿ ಗೆಳತಿಯರೆಲ್ಲ ಕೇಕು ತರಲು ಹೋಗಿದ್ದರು. ನಾನು ಮೂರು ವಾರದ ಪ್ರತಿಫಲನಾ ದಿನಚರಿಯನ್ನು ಒಂದೇ ಕೂರಿಕೆಯಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲಿ ಸೀನಿಯರ್ ಒಬ್ಬರ ಹಳೆಯ ಫೈಲು ತೆರೆದಿತ್ತು. ನಮ್ಮಲ್ಲಿ ಯಾರು ಹೀಗೆ ಬರೆದಿಲ್ಲವೋ ಅವರು ಮುಂದಿನ ಪ್ಯಾರಾ ಓದಬೇಕಾಗಿಲ್ಲ. ‘ಪಾಠದ ಉದ್ದೇಶಗಳು ಈಡೇರಿದವು. ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು. ಪ್ರಶ್ನೆಗಳಿಗೆ ಸಮರ್ಪಕ ಉತ್ತರ ನೀಡಲಾಯಿತು.’ ಮೂರೇ ವಾಕ್ಯ. ಒಮ್ಮೆ ಮೊದಲನೆಯದು ಮೊದಲು, ಇನ್ನೊಮ್ಮೆ ಎರಡನೆಯದು ಮೊದಲು. ಆ ಬೆಳಕಿನ ಪಾಠದ ದಿನಕ್ಕೂ ಇದನ್ನೇ ಬರೆದು ಮುಗಿಸಿ ಫೋನ್ ಕೈಗೆತ್ತಿಕೊಂಡೆ. ‘ಹೊಸ ವರ್ಷ, ಹೊಸ ನಾನು’, ‘ಈ ವರ್ಷ ನಾನು ನಾನಾಗಿರುತ್ತೇನೆ’ ಎಂಬ ಸ್ಟೇಟಸ್‌ಗಳು ಸಾಲುಗಟ್ಟಿದ್ದವು. ಅವುಗಳ ನಡುವೆ ಯಾರೋ ಹಂಚಿದ್ದ ಸಣ್ಣ ಸುದ್ದಿ: ಪ್ರತಿ ವರ್ಷದಂತೆ ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರಲಿದೆ.

ಎದೆ ಧಸಕ್ಕೆಂದಿತು. ಗೊತ್ತಿರದ ಸಂಗತಿಯೇನಲ್ಲ ಅದು. ಜನವರಿಯಲ್ಲಿ ಭೂಮಿ ಸೂರ್ಯನಿಂದ ಸುಮಾರು 14 ಕೋಟಿ 71 ಲಕ್ಷ ಕಿ.ಮೀ. ದೂರದಲ್ಲಿರುತ್ತದೆ, ಜುಲೈನಲ್ಲಿ ಸುಮಾರು 15 ಕೋಟಿ 21 ಲಕ್ಷ. ಇಡೀ ಭೂಮಿಗೆ ಬೀಳುವ ಬಿಸಿಲಿನ ಲೆಕ್ಕ ಹಿಡಿದರೆ ಜುಲೈಗಿಂತ ಜನವರಿಯಲ್ಲೇ ಶೇ. 7ರಷ್ಟು ಹೆಚ್ಚು. ನಮಗೆ ಚಳಿಯಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ, ನಮ್ಮ ಅರ್ಧಗೋಳಕ್ಕೆ ಆಗ ಬಿಸಿಲು ಓರೆಯಾಗಿ ಬೀಳುವುದರಿಂದ ಮತ್ತು ಹಗಲು ಚಿಕ್ಕದಾಗುವುದರಿಂದ. ಇದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದಿದ್ದರೆ ಚಿತ್ರ ಸಹಿತ ಬರೆಯುತ್ತಿದ್ದೆ. ತರಗತಿಯಲ್ಲಿ ಮಾತ್ರ ಹೌದು ಎಂದುಬಿಟ್ಟೆ.

ಏಕೆ? ಇದನ್ನು ಆ ರಾತ್ರಿಯಿಂದ ಯೋಚಿಸುತ್ತಿದ್ದೇನೆ. ‘ಮೂರು ಸೆಕೆಂಡು ಯೋಚಿಸಿ ಹೇಳ್ತೀನಿ’ ಎನ್ನುವ ಮೌನಕ್ಕೆ ಹೆದರಿದೆ, ಅಷ್ಟೆ. ನನ್ನ ಉತ್ತರ ಆ ಹುಡುಗಿಗಾಗಿ ಇರಲೇ ಇಲ್ಲ. ಅದು ಕೊನೆಯ ಬೆಂಚಿಗೆ ಕೊಟ್ಟ ಉತ್ತರ.

ಅಮೆರಿಕದಲ್ಲಿ 1987ರಲ್ಲಿ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರ ಬಂತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ಗೌನು ತೊಟ್ಟಿದ್ದವರನ್ನು, ಅಧ್ಯಾಪಕರನ್ನೂ ಸೇರಿಸಿ, ಬೇಸಿಗೆ ಏಕೆ ಬಿಸಿ, ಚಳಿಗಾಲ ಏಕೆ ತಂಪು ಎಂಬಂಥ ಪ್ರಶ್ನೆ ಕೇಳಿದಾಗ 23 ಜನರಲ್ಲಿ 21 ಜನ ತಪ್ಪು ಹೇಳಿದರು. ಹೆಚ್ಚಿನವರದು ದೂರ–ಹತ್ತಿರದ ಉತ್ತರವೇ. ಇದನ್ನು ತಿಳಿದಾಗ ಮೊದಲು ಸಮಾಧಾನವಾಯಿತು. ಆಮೇಲೆ ಆ ಸಮಾಧಾನದ ಮೇಲೇ ಅನುಮಾನ ಬಂತು. ಅವರು ದಾರಿಯಲ್ಲಿ ಸಿಕ್ಕಿ ಉತ್ತರಿಸಿದವರು. ಅವರ ಎದುರು ಎಂಟನೇ ತರಗತಿ ಕೂತಿರಲಿಲ್ಲ.

ಜನವರಿ 1 ನಮ್ಮ ಸರ್ಕಾರಿ ಶಾಲೆಗಳಿಗೆ ರಜೆಯಲ್ಲ. ಹೋದಾಗ ಕಪ್ಪು ಹಲಗೆಯ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಹೂವು, ಬಳ್ಳಿ, ‘ಹ್ಯಾಪಿ ನ್ಯೂ ಇಯರ್ ಮಿಸ್’. ಅದನ್ನು ಅಳಿಸಿ ಹೇಳಬೇಕಾದ ಮಾತು ನನ್ನದಾಗಿತ್ತು. ಅಳಿಸಲಿಲ್ಲ, ಪಕ್ಕದಲ್ಲೇ ನಿಂತು ಹೇಳಿದೆ. ‘ಕಳೆದ ತಿಂಗಳು ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಹೇಳಿದೆ. ಚಳಿಗಾಲದಲ್ಲಿ ಭೂಮಿ ಸೂರ್ಯನಿಂದ ದೂರ ಇರಲ್ಲ, ಹತ್ತಿರವೇ ಇರುತ್ತೆ.’

ನಾನು ಅಂದುಕೊಂಡಿದ್ದು, ಮಕ್ಕಳು ಮೆಚ್ಚುತ್ತಾರೆ ಎಂದು. ನಿಜ ಹೇಳುವವರಿಗೆ ಇಂಥದೊಂದು ಆಸೆ ಇದ್ದೇ ಇರುತ್ತದೆ. ಮೂರನೇ ಬೆಂಚಿನ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಎದ್ದಳು. ‘ಮಿಸ್, ನಮ್ಮಣ್ಣ ಪಿಯುಸಿ ಸೈನ್ಸು. ಅವನು ದೂರ ಅಲ್ಲ ಅಂದಿದ್ದ. ನಮ್ಮ ಮಿಸ್ಸೇ ಹೇಳವ್ರೆ ಅಂತ ನಾನು ಜಗಳ ಆಡಿ ಗೆದ್ದುಬಿಟ್ಟೆ.’ ತಪ್ಪು ಉತ್ತರ ಅವಳ ಮನೆಗೆ ಹೋಗಿತ್ತು, ಸರಿ ಹೇಳಿದವನನ್ನು ಸೋಲಿಸಿಯೂ ಬಂದಿತ್ತು. ನನ್ನ ದಿನಚರಿಯಲ್ಲಿ ಮಾತ್ರ ಸಮರ್ಪಕ ಉತ್ತರ ನೀಡಲಾಗಿತ್ತು.

ಹಿಂದಿನ ಸಾಲಿನ ಹುಡುಗ ಕೂತಲ್ಲಿಂದಲೇ ಕೇಳಿದ: ‘ಹಂಗಾದ್ರೆ ಇನ್ನೂ ಏನೇನು ತಪ್ಪು ಹೇಳಿದ್ದೀರಾ ಮಿಸ್?’

ತರಗತಿ ನಕ್ಕಿತು. ನಾನೂ ನಗಬೇಕಾಯಿತು. ‘ಗೊತ್ತಿಲ್ಲಪ್ಪ. ಸಿಕ್ಕರೆ ಹೇಳು’ ಎಂದೆ. ಮುಂದಿನ ಒಂದು ವಾರ ಅವರು ನನ್ನನ್ನು ಸುಮ್ಮನೆ ಬಿಡಲಿಲ್ಲ. ಪ್ರತಿ ವಾಕ್ಯಕ್ಕೂ ‘ಗ್ಯಾರಂಟಿನಾ ಮಿಸ್?’ ಎನ್ನುತ್ತಿದ್ದರು. ಎರಡು ದಿನ ತರಗತಿ ಹಿಡಿತಕ್ಕೇ ಸಿಗಲಿಲ್ಲ. ನಿಜ ಹೇಳಿದ ಕೂಡಲೇ ಗೌರವ ಹೆಚ್ಚುತ್ತದೆ ಎಂದು ನಮ್ಮ ಭಾಷಣಗಳಲ್ಲಿ ಹೇಳುತ್ತಾರಲ್ಲ, ನನಗೆ ಹಾಗಾಗಲಿಲ್ಲ. ಮೊದಲು ಸ್ವಲ್ಪ ಕಳೆದುಕೊಂಡೆ. ಹಾಗೆ ಕಳೆದುಕೊಳ್ಳುವುದಿದೆ ಎಂದು ಗೊತ್ತಿದ್ದೇ ಹೇಳಬೇಕಾಗುತ್ತದೆ.

ಆ ವಾರವೇ ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪನ್ನು ಶಾಲೆಯ ಅಂಗಳದಲ್ಲಿ ನೆಟ್ಟೆವು. ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಅತಿ ಚಿಕ್ಕ ನೆರಳು ಗಡಿಯಾರದ 12 ಗಂಟೆಗೆ ಬೀಳುವುದಿಲ್ಲ; ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಹಾಗಾಗಿ ಜನವರಿಯಲ್ಲಿ ನಮಗೆ ಹನ್ನೆರಡೂವರೆ ಸುಮಾರಿಗೆ ನಡು ಮಧ್ಯಾಹ್ನ. ಜನವರಿ 6ರಂದು ನೆರಳು 72 ಸೆಂ.ಮೀ. ತರಗತಿಗೆ ಬಂದು ಟಾರ್ಚಿನ ಬೆಳಕನ್ನು ಗ್ರಾಫ್ ಹಾಳೆಯ ಮೇಲೆ ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ಬಿಟ್ಟು ಚೌಕಗಳನ್ನು ಎಣಿಸಿದೆವು. ಅದೇ ಬೆಳಕು ಓರೆಯಾದರೆ ಹೆಚ್ಚು ಚೌಕಗಳಿಗೆ ಹಂಚಿಹೋಗುತ್ತದೆ. ‘ಗ್ಯಾರಂಟಿ’ ಹುಡುಗನಿಗೆ ಇನ್ನೊಂದು ಹೊಳೆಯಿತು. ‘ಅದಕ್ಕೇ ಮಿಸ್ ಆಸ್ಟ್ರೇಲಿಯಾದಲ್ಲಿ ಮ್ಯಾಚ್ ಆದಾಗ ಡಿಸೆಂಬರಲ್ಲೂ ಎಲ್ಲ ಟೋಪಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರ್ತಾರೆ. ದೂರ ಹೋಗಿ ಚಳಿ ಆಗೋದಾದ್ರೆ ಅವರಿಗೂ ಚಳಿ ಆಗಬೇಕಿತ್ತು.’ ನನ್ನ ಪಾಠಯೋಜನೆಯ 5ಇ ಹಂತಗಳಲ್ಲಿ ಯಾವುದರಲ್ಲೂ ಈ ಕ್ರಿಕೆಟ್ ಇರಲಿಲ್ಲ.

13ರಂದು ಅಳೆದಾಗ ನೆರಳು 70. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ‘ಹಬ್ಬಕ್ಕೆ ಮುಂಚೇನೇ ಸೂರ್ಯ ಉತ್ತರಕ್ಕೆ ಹೊರಟುಬಿಟ್ಟವ್ನಲ್ಲ ಮಿಸ್’ ಎಂದಳು ಅದೇ ಹುಡುಗಿ. ಮತ್ತೆ ಅವಳೇ. ಈ ಸಲ ವೀಕ್ಷಕರಿರಲಿಲ್ಲ ಎಂಬುದೂ ನಿಜ, ಧೈರ್ಯ ಸ್ವಲ್ಪ ಸುಲಭ. ‘ಇದಕ್ಕೆ ಕಾರಣ ನನಗೆ ಪೂರ್ತಿ ಗೊತ್ತಿಲ್ಲ. ಓದಿಕೊಂಡು ಬರ್ತೀನಿ’ ಎಂದೆ. ಹಬ್ಬದ ರಜೆ ಕಳೆದು ಬಂದು ಹೇಳಿದೆ: ಭೂಮಿಯ ಅಕ್ಷ ಬುಗುರಿ ತೂಗಾಡುವಂತೆ ಬಹಳ ನಿಧಾನವಾಗಿ, ಸುಮಾರು 26,000 ವರ್ಷಕ್ಕೊಂದು ಸುತ್ತು ತಿರುಗುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ನಮ್ಮ ಪಂಚಾಂಗದ ಮಕರ ಸಂಕ್ರಮಣ ನಕ್ಷತ್ರಗಳ ಹಿನ್ನೆಲೆಯಲ್ಲಿ ಹಾಕಿದ ಲೆಕ್ಕ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನಕ್ಕೆ ಬರುತ್ತಿದ್ದವು, ಆಮೇಲೆ ದೂರ ದೂರವಾದವು. ಹೇಳಿ ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ‘ಗ್ಯಾರಂಟಿನಾ?’ ಬಂತು. ‘ಗ್ಯಾರಂಟಿ’ ಎಂದೆ. ಆ ಪದ ಹೇಳುವಾಗ ಅಷ್ಟು ಹಗುರ ಎನಿಸಿದ್ದು ಇಂಟರ್ನ್‌ಶಿಪ್‌ನಲ್ಲಿ ಅದೇ ಮೊದಲು.

ಈ ಘಟನೆ ನನ್ನೊಬ್ಬಳ ಮರೆವಿನ ಕಥೆಯಾಗಿದ್ದರೆ ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ನಮ್ಮ ಪಾಠಾಭ್ಯಾಸದಲ್ಲೇ ಒಂದು ನಟನೆ ಸೇರಿಕೊಂಡಿದೆ, ಮಕ್ಕಳಿಗೂ ಅದು ಗೊತ್ತು. ಕಾಟನ್ ಸೀರೆ, ಹೊಸ ಚಾರ್ಟು, ಬಣ್ಣದ ಚಾಕ್‌ಪೀಸು ಈ ಮೂರೂ ಒಟ್ಟಿಗೆ ಕಂಡರೆ ‘ಇವತ್ತು ನಿಮ್ಮ ಸರ್ ಬರ್ತಾರಾ ಮಿಸ್?’ ಎಂದು ಅವರೇ ಕೇಳುತ್ತಾರೆ. ಆ ದಿನ ನನ್ನ ಕನ್ನಡವೂ ಬೇರೆ. ‘ಇಲ್ಲಿ ನೋಡ್ರೋ’ ಎನ್ನುವವಳು ‘ಮಕ್ಕಳೇ, ಇತ್ತ ಗಮನಿಸಿ’ ಎನ್ನುತ್ತೇನೆ. ಇನ್ನೂ ಒಂದನ್ನು ಹೇಳಿಬಿಡುತ್ತೇನೆ. ವೀಕ್ಷಣೆಯ ಪಾಠವನ್ನು ಹಿಂದಿನ ದಿನವೇ ಒಮ್ಮೆ ಮಾಡಿ, ಯಾರು ಯಾವ ಉತ್ತರ ಹೇಳಬೇಕು ಎಂದು ಗೊತ್ತುಮಾಡಿಕೊಂಡು, ಮರುದಿನ ಹೊಸದಾಗಿ ಮಾಡಿದಂತೆ ಮಾಡುವವರು ನಮ್ಮಲ್ಲಿದ್ದಾರೆ. ನಾನೂ ಎರಡು ಸಲ ಮಾಡಿದ್ದೇನೆ. ಎರಡನೇ ಸಲ ಒಬ್ಬ ಹುಡುಗ, ಉತ್ತರ ಗೊತ್ತಿದ್ದೂ, ಹಣೆ ಗಂಟಿಕ್ಕಿ ಯೋಚಿಸಿದಂತೆ ಮಾಡಿ, ತಲೆ ಕೆರೆದುಕೊಂಡು, ಆಮೇಲೆ ಕೈ ಎತ್ತಿದ. ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಪ್ರತಿಫಲನದ ನಿಯಮ ಅವನು ಮರೆತರೂ ಮರೆತಾನು, ಹಣೆ ಗಂಟಿಕ್ಕುವುದನ್ನು ಮರೆಯಲಾರ; ಅದನ್ನು ಕಲಿಸಿದವಳು ನಾನು.

ವಿಜ್ಞಾನ ದಿನಾಚರಣೆಗೆ ನಾವು ಎಚ್. ನರಸಿಂಹಯ್ಯನವರ ಚಿತ್ರವಿರುವ ಚಾರ್ಟು ಮಾಡುತ್ತೇವೆ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಹೇಳಿದವರು ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಆ ಚಾರ್ಟು ತೂಗಿದ ಗೋಡೆಯ ಕೆಳಗೇ, ಯಾರೂ ಪ್ರಶ್ನಿಸದ ನಮ್ಮ ಫೈಲುಗಳ ರಾಶಿ ಇರುತ್ತದೆ.

2014ರ ಎನ್‌ಸಿಟಿಇ ನಿಯಮಾವಳಿ ಬಿ.ಇಡಿ.ಯನ್ನು ಎರಡು ವರ್ಷ ಮಾಡಿ ಶಾಲಾ ಇಂಟರ್ನ್‌ಶಿಪ್ಪಿಗೆ 20 ವಾರ ಕೊಟ್ಟಿತು. ಅಷ್ಟು ವಾರ ಕೊಟ್ಟಿರುವುದು ಎಡವಿ ಎದ್ದು ಕಲಿಯಲೆಂದೇ ಇರಬೇಕು. ಎಡವದೆ ನಡೆದಂತೆ ಬರೆಯಲು ಒಂದು ರಾತ್ರಿ ಸಾಕು. ಜಾನ್ ಡ್ಯೂಯಿ 1910ರಲ್ಲೇ ‘ಹೌ ವಿ ಥಿಂಕ್’ ಪುಸ್ತಕದಲ್ಲಿ, ಚಿಂತನೆ ಶುರುವಾಗುವುದೇ ಗೊಂದಲದಿಂದ, ಅನುಮಾನದಿಂದ ಎಂದು ವಿವರಿಸಿದ್ದನ್ನು ನಾವು ಮೊದಲ ವರ್ಷವೇ ಓದಿ ಪರೀಕ್ಷೆ ಬರೆದಿದ್ದೇವೆ. ನಮ್ಮ ದಿನಚರಿ ಶುರುವಾಗುವುದೇ ಉದ್ದೇಶಗಳು ಈಡೇರಿದ ಮೇಲೆ.

ಗೆಳತಿಯರೊಡನೆ ಈ ಮಾತು ಎತ್ತಿದಾಗ ಒಬ್ಬಳು ಹೇಳಿದಳು: ‘ಮೊದಲು ಟಿಇಟಿ ಪಾಸಾಗೋಣ, ಪೋಸ್ಟಿಂಗ್ ಸಿಗಲಿ, ಪ್ರಾಮಾಣಿಕತೆ ಆಮೇಲೆ ಇಟ್ಕೊಳ್ಳೋಣ ಕಣೇ.’ ನಕ್ಕೆವು. ಆದರೆ ಅವಳ ಮಾತು ತಮಾಷೆಯದಲ್ಲ. ಆಂತರಿಕ ಅಂಕ ಎರಡು ಕಡಿಮೆಯಾದರೆ ಸಿಟ್ಟಾಗುವ ಅಪ್ಪ, ಮದುವೆಗೆ ಮೊದಲು ಕೆಲಸ ಸಿಗಲಿ ಎಂದು ಕಾಯುವ ಮನೆ ನಮ್ಮೆಲ್ಲರ ಬೆನ್ನಿಗೂ ಇದೆ. ನನ್ನನ್ನೇ ತೆಗೆದುಕೊಳ್ಳಿ. ಕಾಲೇಜಿನ ಮೊದಲ ದಿನ ಪರಿಚಯ ಹೇಳುವಾಗ ‘ಚಿಕ್ಕಂದಿನಿಂದ ಶಿಕ್ಷಕಿಯಾಗುವ ಕನಸು’ ಎಂದಿದ್ದೆ. ನಿಜವೆಂದರೆ ಎಂ.ಎಸ್ಸಿ. ಸೀಟು ಸಿಗಲಿಲ್ಲ. ಎರಡು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಹಾಕಿದೆ. ಆಮೇಲೆ ಮನೆಯವರು ಬಿ.ಇಡಿ. ಫಾರಂ ತಂದರು. ಅಂದು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ಕನಸು ಹೇಳಿದರು. ಯಾರ ಕನಸು ಯಾರದೋ. ಈಗ ಅಂಗಳದಲ್ಲಿ ಪೈಪು ನೆಟ್ಟು ಬಂದ ಮೇಲೆ ಕೇಳಿದರೆ, ಈ ಕೆಲಸ ಬೇಕು ಎಂದು ನಿಜವಾಗಿ ಹೇಳಬಲ್ಲೆ. ಆದರೆ ಅದು ಚಿಕ್ಕಂದಿನಿಂದಲ್ಲ, ಜನವರಿಯಿಂದ.

ಹಾಗಾದರೆ ಏನು ಮಾಡಬೇಕು? ದಿನಚರಿಗೆ ಅಂಕವೇ ಬೇಡ ಎನ್ನಲಾರೆ. ಅಂಕವಿಲ್ಲದಿದ್ದರೆ ನಾವು ಬರೆಯುವುದೇ ಇಲ್ಲ. ಎಲ್ಲರೂ ತಮ್ಮ ತಪ್ಪು ಒಪ್ಪಿಕೊಂಡು ಬರೆಯಲಿ ಎಂದರೂ ಪ್ರಯೋಜನವಿಲ್ಲ. ಮುಂದಿನ ವರ್ಷಕ್ಕೆ ಸೀನಿಯರ್ ಫೈಲಿನಲ್ಲಿ ‘ಇಂದಿನ ಪಾಠದಲ್ಲಿ ನಾನು ವಿಫಲಳಾದೆ’ ಎಂಬ ಸಾಲು ಸಿಗುತ್ತದೆ, ಅದನ್ನೇ ನಕಲು ಮಾಡುತ್ತೇವೆ. ಸ್ಟೇಟಸ್‌ನಲ್ಲಿ ‘ನಾನು ನಾನಾಗಿರುತ್ತೇನೆ’ ಎಂದು ಹಾಕುವ ಹಾಗೆಯೇ ಅದು. ನನ್ನ ಸಲಹೆ ಸಣ್ಣದು. ಹದಿನೈದು ದಿನಕ್ಕೊಂದು ಪುಟ ಸರಿಹೋಗದ ಪಾಠಕ್ಕೆ ಮೀಸಲಿರಲಿ. ಅದರಲ್ಲಿ ನಾನು ಹೇಳಿದ್ದು, ಮಗು ಹೇಳಿದ್ದು ಮಗುವಿನ ಮಾತಿನಲ್ಲೇ, ಮತ್ತು ಮರುದಿನ ಅದೇ ತರಗತಿಗೆ ಹೋಗಿ ನಾನು ಮಾಡಿದ್ದು ಇಷ್ಟೇ ಇರಲಿ. ಅಂಕ ಕೊನೆಯದಕ್ಕೆ ಮಾತ್ರ. ತಪ್ಪೊಪ್ಪಿಗೆಯನ್ನು ನಕಲು ಮಾಡಬಹುದು. ಮರುದಿನ ತರಗತಿಗೆ ಹೋಗಿದ್ದನ್ನು ಅಷ್ಟು ಸುಲಭವಾಗಿ ನಕಲು ಮಾಡಲಾಗದು. ಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ನಾನು ಡಿಸೆಂಬರಿನ ಪುಟದಲ್ಲೇ ನಿಜ ಬರೆದು ನಿಲ್ಲಿಸಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಆ ಹುಡುಗಿ ಮಾತ್ರ ಅಣ್ಣನೊಡನೆ ಗೆದ್ದೇ ಇರುತ್ತಿದ್ದಳು.

ಅಧ್ಯಾಪಕರಿಗೂ ಒಂದು ಬಿನ್ನಹ. ಹೆಂಗೆ ಬರೆದರೆ ಅಂಕ ಎಂದು ನಾವು ನೋಡಿ ಕಲಿಯುವುದು ನಿಮ್ಮ ಕೆಂಪು ಇಂಕಿನಿಂದ. ಡಿಸೆಂಬರಿನ ಆ ಪುಟಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಡೆದದ್ದನ್ನು ಬರೆದು ಕೊಟ್ಟಾಗ ನನಗೆ ವಾಪಸ್ ಬಂದದ್ದು ‘ಪುಟ ಸ್ವಚ್ಛವಾಗಿರಲಿ’ ಎಂಬ ಒಂದು ಸಾಲು. ಬೇಸರವಾಯಿತು, ಸುಳ್ಳೇಕೆ. ಶಾಲೆಯ ವಿಜ್ಞಾನ ಶಿಕ್ಷಕಿಗೆ ಅದನ್ನು ತೋರಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದವರು. ಓದಿ, ಕನ್ನಡಕ ತೆಗೆದು, ದನಿ ತಗ್ಗಿಸಿ, ‘ನಾನೂ ಎಷ್ಟೋ ವರ್ಷ ದೂರ ಅಂತಲೇ ಹೇಳ್ತಿದ್ದೆ ಕಣಮ್ಮ. ಯಾರಿಗೂ ಹೇಳಿರಲಿಲ್ಲ’ ಎಂದರು. ಅವರು ಆ ಮಾತು ಹೇಳಿದ ರೀತಿಯಿಂದ ನಾನು ಕಲಿತಷ್ಟು ಯಾವ ಮಾದರಿ ಪಾಠದಿಂದಲೂ ಕಲಿತಿಲ್ಲ. ಮಾದರಿ ಪಾಠಗಳ ಜೊತೆಗೆ ಹಿರಿಯರು ತಮ್ಮ ಕೆಟ್ಟುಹೋದ ಪಾಠ ಒಂದನ್ನಾದರೂ ನಮಗೆ ಹೇಳಿದರೆ ನಮ್ಮ ಕೈ ನಡುಗುವುದು ಕಡಿಮೆಯಾದೀತು.

ಸಂಕ್ರಾಂತಿಗೆ ಕಾಲೇಜಿನಲ್ಲಿ ಎಳ್ಳು–ಬೆಲ್ಲ ಹಂಚಿದಾಗ ಅದೇ ಗೆಳತಿ, ‘ಎಳ್ಳು ಬೆಲ್ಲ ತಿಂದು ಒಳ್ಳೆ ರಿಪೋರ್ಟು ಬರೀರಿ ಸಾರ್’ ಎಂದು ಎಲ್ಲರನ್ನೂ ನಗಿಸಿದಳು. ಸಂಜೆ ನನ್ನ ಕೋಣೆಗೆ ಬಂದು, ತನ್ನ ಗಣಿತ ಪಾಠವೊಂದರಲ್ಲಿ ಋಣ ಸಂಖ್ಯೆಗಳ ಗುಣಾಕಾರ ಮಕ್ಕಳಿಗೆ ಅರ್ಥವೇ ಆಗಲಿಲ್ಲವೆಂದೂ, ಋಣ ಗುಣಿಸು ಋಣ ಏಕೆ ಧನ ಎಂದು ತನಗೂ ಗೊತ್ತಿಲ್ಲವೆಂದೂ ಹೇಳಿದಳು. ರಾತ್ರಿ ಹತ್ತರವರೆಗೆ ಇಬ್ಬರೂ ಕೂತು ಅದನ್ನು ಬಿಡಿಸಿದೆವು. ಪೋಸ್ಟಿಂಗ್ ಸಿಗುವವರೆಗೆ ಕಾಯಲಿಲ್ಲ.

ನನ್ನ ಇಂಟರ್ನ್‌ಶಿಪ್ ಜನವರಿ 24ಕ್ಕೆ ಮುಗಿಯಿತು. ಅಂದಿನ ನೆರಳು 64. ಪೈಪನ್ನು ಮೂರನೇ ಬೆಂಚಿನ ಹುಡುಗಿ ಮನೆಗೆ ಒಯ್ದಿದ್ದಾಳೆ. ಏಪ್ರಿಲ್ ಕೊನೆಯ ವಾರ ಒಂದು ದಿನ ನಡು ಮಧ್ಯಾಹ್ನಕ್ಕೆ ಅದರ ನೆರಳು ಪೂರ್ತಿ ಅದರ ಬುಡಕ್ಕೇ ಬೀಳುತ್ತದೆ, ಆಗ ಶಾಲೆಗೆ ಬೇಸಿಗೆ ರಜೆ, ಹಾಗಾಗಿ ಅಣ್ಣನನ್ನು ಜೊತೆಗೆ ಕೂರಿಸಿಕೊಂಡು ನೋಡು ಎಂದು ಹೇಳಿದ್ದೇನೆ. ಈ ಸಲ ಅಕ್ಷಾಂಶ ಹಿಡಿದು ಲೆಕ್ಕ ಹಾಕಿ ನೋಡಿಯೇ ಹೇಳಿದ್ದು.